ಹಲಸಿನ ಬೀಜ ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತಾ?

ಪ್ರಶ್ನೆ: ಡಾಕ್ಟ್ರೇ, ಹಲಸಿನ ಬೀಜದಲ್ಲಿ ಲೆಕ್ಟಿನ್ ಇದೆ, ಹಸಿಯಾಗಿ ಪುಡಿ ಮಾಡಿ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಅಂತಾನೆ ಮಗ. ಕುಡಿಯಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡಮ್ಮ. ಬೇಯಿಸಿ ಸಾರು ಮಾಡಿ, ಇಲ್ಲವೇ ಕೆಂಡದಲ್ಲಿ ಸುಟ್ಟು ತಿನ್ನಿ. ಮಳೆಗಾಲದಲ್ಲಿ ನಾನೂ ಬಿಡುವವನಲ್ಲ! ಲೆಕ್ಟಿನ್ ಅಂದರೆ ಸಕ್ಕರೆ ಸರಪಳಿಗೆ ಅಂಟುವ ಪ್ರೋಟೀನ್. ಹಲಸಿನ ಬೀಜದ್ದರ ಹೆಸರು ಜ್ಯಾಕಲಿನ್. ನಮ್ಮ ರಕ್ತದ ಐಜಿಎ1 ಪ್ರತಿಕಾಯವನ್ನು ಅದು ಹಿಡಿಯುತ್ತದೆ. ಹಾಗಾಗಿ ಲ್ಯಾಬ್‌ಗಳಲ್ಲಿ ಆ ಪ್ರತಿಕಾಯವನ್ನು ಬೇರ್ಪಡಿಸಲು ಬಳಸುತ್ತಾರೆ. ಅಷ್ಟಕ್ಕೇ ತಿಂದವರಿಗೆ ಶಕ್ತಿ ಬರುತ್ತದೆ ಅನ್ನುವುದು ಸುಮ್ನೆ ಮಾತು.

ನಿಜವಾದ ಸ್ವಾರಸ್ಯ ನಮ್ಮ ದೇಹವೇ ತಯಾರಿಸುವ ಲೆಕ್ಟಿನ್‌ಗಳಲ್ಲಿದೆ. ಗ್ಯಾಲೆಕ್ಟಿನ್-3 ಅಂಥದ್ದೊಂದು. ಅಪಾಯ ಕಂಡ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಇಂಟರ್‌ಫೆರಾನ್-ಗಾಮಾ ಎಂಬ ಸೈಟೋಕೈನ್, ಅಂದರೆ ಸಂದೇಶ ಒಯ್ಯುವ ಪ್ರೋಟೀನ್, ಬಿಡುತ್ತವೆ, ಊರಲ್ಲಿ ಡಂಗುರ ಸಾರಿದ ಹಾಗೆ. ಈ ಪ್ರೋಟೀನಿನ ಮೈಮೇಲೂ ಸಕ್ಕರೆ ಸರಪಳಿಗಳಿವೆ. ಕ್ಯಾನ್ಸರ್ ಗಡ್ಡೆಗಳಲ್ಲಿ ಗ್ಯಾಲೆಕ್ಟಿನ್-3 ಅದನ್ನು ಅಲ್ಲೇ ಹಿಡಿದಿಡುತ್ತದೆ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆಗ ಬೇರೆ ಟಿ ಕೋಶಗಳನ್ನು ಕರೆಯುವ ಕೀಮೋಕೈನ್‌ಗಳು ಕಡಿಮೆಯಾಗುತ್ತವೆ. ಗಡ್ಡೆಯೊಳಗೆ ಬರುವ ಟಿ ಕೋಶಗಳೂ ಕಡಿಮೆ. ಗ್ಯಾಲೆಕ್ಟಿನ್-1 ಇನ್ನೂ ಒಂದು ಹೆಜ್ಜೆ ಮುಂದೆ: ಉರಿಯೂತ ಎಬ್ಬಿಸುವ ಕೆಲವು ಟಿ ಕೋಶಗಳನ್ನು ಸಾಯಿಸಿಯೇ ಬಿಡುತ್ತದೆ. ಲೆಕ್ಟಿನ್ ಜಾಸ್ತಿಯಾದರೆ ಶಕ್ತಿ ಜಾಸ್ತಿ ಅಂತ ಯಾರು ಹೇಳಿದ್ದು, ಮಗನನ್ನೇ ಕೇಳಿ.