ರೈ ಐಪಿಎ ಕಾಯಿಸುವವರಿಗೆ: ಓದುಗರ ಪ್ರಶ್ನೆ, ನನ್ನ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮನೆಯಲ್ಲೇ ಬಿಯರ್ ಮಾಡುವ ಬಗ್ಗೆ ಬರೆದಿದ್ದೆ. ನನಗೆ ಎಲ್ಲಕ್ಕಿಂತ ಇಷ್ಟ ಗೋಧಿಯಂಥ ರೈ ಧಾನ್ಯ ಹಾಕಿದ ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಅನ್ನುವ ಕಹಿ ಬಿಯರ್ ಅಂತ ಅದರಲ್ಲಿ ಒಂದು ಸಾಲು ಇತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದುಕೊಂಡಿವೆ. ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಬಿಯರ್ ಕಾಯಿಸುವುದು ಗ್ಯಾರೇಜಿನಲ್ಲಿ. ಇಲ್ಲಿನ ನೀರು, ಇಲ್ಲಿನ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ನೋಡಿ ಕಲಿತದ್ದನ್ನೇ ಹೇಳುತ್ತೇನೆ.

ಕಿಟ್ ತಂದು ಪೇಲ್ ಏಲ್ ಮಾಡಿ ಅಭ್ಯಾಸವಿದೆ. ಈಗ ಕಾಳಿನಿಂದಲೇ ರೈ ಐಪಿಎ ಮಾಡಬೇಕು. ಅಂಗಡಿಯವರು ಹತ್ತು ಪರ್ಸೆಂಟ್ ರೈ ಸಾಕು ಅಂದರು. ಸಾಕಾ? — ಷಿಕಾಗೊ ಓದುಗರು

ಸಾಲದು. ಹತ್ತು ಪರ್ಸೆಂಟ್ ಹಾಕಿದರೆ ರೈ ಇದೆ ಅಂತ ನೀವು ಹೇಳಿದ ಮೇಲೆ ಕುಡಿದವರಿಗೆ ಗೊತ್ತಾಗುತ್ತದೆ. ಹೇಳದೆ ಗೊತ್ತಾಗಬೇಕಾದರೆ 18ರಿಂದ 20 ಪರ್ಸೆಂಟ್ ಬೇಕು.

ರೈ ಅಂದ ಕೂಡಲೇ ಎಲ್ಲರೂ ಖಾರ, ಘಾಟು ಅನ್ನುತ್ತಾರೆ. ಇಲ್ಲಿನ ಅಂಗಡಿಗಳ ರೈ ಬ್ರೆಡ್ ತಿಂದ ನೆನಪು ಅದು. ಆ ಬ್ರೆಡ್ಡಿನ ಘಾಟು ಬಹುಪಾಲು ಅದಕ್ಕೆ ಸೇರಿಸುವ ಜೀರಿಗೆಯಂಥ ಕ್ಯಾರವೇ ಬೀಜದ್ದು, ರೈಯದ್ದಲ್ಲ. ಒಂದು ಹಿಡಿ ರೈ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಬಾಯಿಗೆ ಹಾಕಿ ಅಗಿದು ನೋಡಿ. ಮಣ್ಣಿನ ವಾಸನೆಗೆ ಹತ್ತಿರದ ಒಂದು ಒಣ ರುಚಿ ಸಿಗುತ್ತದೆ, ಕೊನೆಯಲ್ಲಿ ಸ್ವಲ್ಪ ಚುರುಕು. ಅಷ್ಟೇ. ರೈಯ ದೊಡ್ಡ ಗುಣ ರುಚಿಯಲ್ಲಿಲ್ಲ, ಅದು ಬಿಯರಿಗೆ ಕೊಡುವ ಮೈಯಲ್ಲಿದೆ. ಬಿಯರ್ ಬಾಯಲ್ಲಿ ನುಣ್ಣಗೆ, ತುಸು ದಪ್ಪಗೆ ಓಡಾಡುತ್ತದೆ. ಐಪಿಎಯ ಕಹಿ ಆ ಮೈಯ ಮೇಲೆ ಕೂತರೆ ನಾಲಿಗೆಯನ್ನು ಕೆರೆಯುವುದಿಲ್ಲ. ನಾನು ರೈ ಹಾಕುವುದು ಇದಕ್ಕೇ.

ನನ್ನ ಲೆಕ್ಕ ಹೀಗಿದೆ. ಸುಮಾರು 19 ಲೀಟರಿಗೆ ಬಾರ್ಲಿಯ ಪೇಲ್ ಮಾಲ್ಟ್ 4.5 ಕಿಲೋ, ರೈ ಮಾಲ್ಟ್ 1.1 ಕಿಲೋ, ಕ್ರಿಸ್ಟಲ್ 60 ಮಾಲ್ಟ್ 300 ಗ್ರಾಂ. 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್, ಅಂದರೆ ಒಡೆದ ಕಾಳನ್ನು ಬಿಸಿ ನೀರಿನಲ್ಲಿ ನೆನೆಹಾಕುವುದು. ಆಮೇಲೆ ಇಳಿಸಿದ ಸಿಹಿ ನೀರಿಗೆ ಒಂದು ಗಂಟೆ ಕುದಿ. ಕುದಿ ಶುರುವಾದಾಗ ಕೊಲಂಬಸ್ ಹಾಪ್ಸ್ 28 ಗ್ರಾಂ, ಕುದಿ ಮುಗಿಯಲು ಹತ್ತು ನಿಮಿಷ ಇರುವಾಗ ಮೌಂಟ್ ಹುಡ್ 28 ಗ್ರಾಂ. ಒಲೆ ಆರಿಸಿ ಎರಡನ್ನೂ ತಲಾ ಇನ್ನೊಂದು 28 ಗ್ರಾಂ ಹಾಕಿ, ಇಪ್ಪತ್ತು ನಿಮಿಷ ಮುಚ್ಚಿಡಿ. ಆಮೇಲೆ ಬೇಗ ತಣ್ಣಗೆ ಮಾಡಿ ಯೀಸ್ಟ್ ಹಾಕುವುದು. ಯುಎಸ್-05 ಅನ್ನುವ ಒಣ ಯೀಸ್ಟ್ ಒಂದು ಪೊಟ್ಟಣ ಸಾಕು, 18-19 ಡಿಗ್ರಿಯಲ್ಲಿ ಇಡಿ. ಹುದುಗು ಮುಗಿಯುತ್ತಾ ಬಂದಾಗ ಕೊಲಂಬಸ್ 40 ಗ್ರಾಂ ಡ್ರೈ ಹಾಪ್ (ಕುದಿಸದೆ ಬಿಯರಿಗೇ ಹಾಕುವುದು), ಮೂರು ನಾಲ್ಕು ದಿನ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.064ರ ಸುತ್ತ ಶುರುವಾಗಿ 1.013ರ ಹತ್ತಿರ ನಿಂತರೆ ಆಲ್ಕೋಹಾಲ್ 6.7 ಪರ್ಸೆಂಟ್ ಆಗುತ್ತದೆ.

ಕೊಲಂಬಸ್, ಮೌಂಟ್ ಹುಡ್ ಜೋಡಿ ನನ್ನ ಕಲ್ಪನೆಯಲ್ಲ. ಆರೆಗಾನ್‌ನವರೇ ಆದ ಡೆನ್ನಿ ಕಾನ್ ಅವರ ರೈ ಐಪಿಎ ಮನೆಯಲ್ಲಿ ಬಿಯರ್ ಮಾಡುವವರ ನಡುವೆ ತುಂಬಾ ಹೆಸರಾದ ಪಾಕ. ಈ ಜೋಡಿ ಅಲ್ಲಿಯದು. ಅವರದರಲ್ಲಿ ಆಲ್ಕೋಹಾಲ್ ಇದಕ್ಕಿಂತ ಜಾಸ್ತಿ.

ಜಾಸ್ತಿ ರೈ ಇದ್ದರೆ ಚೆನ್ನ ಅಂತ ನಲವತ್ತು ಪರ್ಸೆಂಟ್ ಹಾಕಿದೆ. ಮ್ಯಾಶ್ ಮುಗಿದ ಮೇಲೆ ನಲ್ಲಿ ತಿರುಗಿಸಿದರೆ ಒಂದು ಲೋಟ ಬಂದು ನಿಂತುಹೋಯಿತು. ಕೋಲು ಹಾಕಿ ಕಲಕಿದೆ, ಊದಿದೆ, ಏನೂ ಆಗಲಿಲ್ಲ. ರೈ ಸಹವಾಸವೇ ಬೇಡ ಅನ್ನಿಸಿದೆ. — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಬಿಡಬೇಡಿ. ಇದು ರೈಯ ಸ್ವಭಾವ. ಗೊತ್ತಿದ್ದರೆ ಸುಲಭವಾಗಿ ದಾಟಬಹುದು.

ಬಾರ್ಲಿ ಕಾಳಿಗೆ ಹೊಟ್ಟು ಅಂಟಿಕೊಂಡಿರುತ್ತದೆ. ಮ್ಯಾಶ್ ಪಾತ್ರೆಯ ತಳದಲ್ಲಿ ಆ ಹೊಟ್ಟೇ ಜರಡಿಯಾಗಿ ಕೂರುತ್ತದೆ, ಸಿಹಿ ನೀರು ಅದರ ಸಂದಿಯಲ್ಲಿ ಇಳಿದುಬರುತ್ತದೆ. ರೈ ಕಾಳು ಬರಿಮೈ, ಹೊಟ್ಟಿಲ್ಲ. ಸಾಲದು ಅಂತ ಅದರಲ್ಲಿ ಪೆಂಟೋಸಾನ್, ಬೀಟಾ ಗ್ಲುಕಾನ್ ಅನ್ನುವ ಅಂಟುಗಳು ಬೇರೆ ಇವೆ. ಬಿಸಿ ನೀರು ಬಿದ್ದ ಕೂಡಲೇ ಇವು ನೀರು ಕುಡಿದು ಉಬ್ಬುತ್ತವೆ. ಪಾತ್ರೆಯೊಳಗೆ ಇರುವುದು ಆಗ ತಣ್ಣಗಾದ ರಾಗಿ ಗಂಜಿಯ ಹಾಗೆ, ಬಾಗಿಸಿದರೂ ಹರಿಯುವುದಿಲ್ಲ. ಬಿಯರಿಗೆ ನುಣುಪು ಮೈ ಕೊಡುವುದೂ ಇದೇ ಅಂಟುಗಳು ಅನ್ನುವುದನ್ನು ಮರೆಯಬೇಡಿ. ಪೂರಾ ತೆಗೆದುಹಾಕುವುದು ನಮ್ಮ ಕೆಲಸವಲ್ಲ, ನಲ್ಲಿಯಿಂದ ಇಳಿಯುವಷ್ಟು ಸಡಿಲ ಮಾಡಿದರೆ ಸಾಕು.

ಮೊದಲು ಭತ್ತದ ಹೊಟ್ಟು ತನ್ನಿ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತದೆ. ಮೇಲಿನ ಲೆಕ್ಕಕ್ಕೆ ಕಾಲು ಕಿಲೋ ಸಾಕು. ಚೆನ್ನಾಗಿ ತೊಳೆದು, ನೆನೆಸಿ ಕಾಳಿನ ಜೊತೆ ಬೆರೆಸಿ. ಒಣಗಿದ್ದನ್ನೇ ಹಾಕಿದರೆ ಅದೇ ನೀರು ಹೀರಿಕೊಳ್ಳುತ್ತದೆ. ನಮ್ಮೂರಿನ ಗಿರಣಿಗಳ ಹಿಂದೆ ಗುಡ್ಡೆ ಬಿದ್ದಿರುವ ಹೊಟ್ಟು ಇಲ್ಲಿ ಬಿಯರ್ ಮಾಡುವವರ ಪಾಲಿನ ಆಪತ್ಬಾಂಧವ ಅನ್ನುವುದು ನನಗೆ ನಿಜಕ್ಕೂ ಖುಷಿ ಕೊಡುವ ವಿಷಯ.

ಎರಡನೆಯದು, ಮ್ಯಾಶನ್ನು ನೇರವಾಗಿ 66ಕ್ಕೆ ಒಯ್ಯಬೇಡಿ. 43 ಡಿಗ್ರಿಯ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಿಸಿ. ಆ ಬಿಸಿಯಲ್ಲಿ ಬೀಟಾ ಗ್ಲುಕಾನನ್ನು ಕತ್ತರಿಸುವ ಕಿಣ್ವ ಕೆಲಸ ಮಾಡುತ್ತದೆ, 60ರ ಹತ್ತಿರ ಅದು ಸತ್ತುಹೋಗುತ್ತದೆ. ನಿಮ್ಮದು ಬಿಸಿ ಮಾಡಲು ಬಾರದ ಕೂಲರ್ ಪೆಟ್ಟಿಗೆ ಆಗಿದ್ದರೆ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಕುದಿಯುವ ನೀರು ಸೇರಿಸಿ ಮೇಲಕ್ಕೆ ತನ್ನಿ. 20 ಪರ್ಸೆಂಟಿನೊಳಗೆ ಇದ್ದರೆ ಈ ಹಂತ ಬಿಡಬಹುದು, ಹೊಟ್ಟು ಮಾತ್ರ ಬಿಡಬೇಡಿ. ಕೊನೆಗೆ ನೀರು ಇಳಿಸುವ ಮೊದಲು ಮ್ಯಾಶನ್ನು 76ಕ್ಕೆ ಏರಿಸಿ. ಬಿಸಿಯಾದಷ್ಟೂ ತೆಳುವಾಗುತ್ತದೆ. ನಲ್ಲಿಯನ್ನು ಬಹಳ ಸಣ್ಣಗೆ ಬಿಡಿ. ಆತುರಪಟ್ಟು ಪೂರ್ತಿ ತೆರೆದರೆ ಕಾಳಿನ ಹಾಸು ಕೆಳಗೆ ಎಳೆದುಕೊಂಡು ಗಾರೆಯಾಗುತ್ತದೆ.

ನಿಂತೇಹೋದರೆ ಊದುವುದು ಬೇಡ. ನಲ್ಲಿ ಮುಚ್ಚಿ, ನೆನೆಸಿದ ಹೊಟ್ಟು ಎರಡು ಹಿಡಿ, ಬಿಸಿ ನೀರು ಒಂದೆರಡು ಲೀಟರ್ ಸೇರಿಸಿ ತಳದಿಂದ ಕಲಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಇನ್ನೊಂದು ಮಾತು: ರೈ ಕಾಳು ಸಣ್ಣದು, ಗಟ್ಟಿ. ಬಾರ್ಲಿಗೆ ಇಟ್ಟ ಗಿರಣಿ ಸಂದಿಯಲ್ಲಿ ಒಡೆಯದೆ ಜಾರಿಹೋಗುತ್ತದೆ. ಅದನ್ನು ಬೇರೆಯಾಗಿ, ಸಂದಿ ಕಿರಿದು ಮಾಡಿ ಒಡೆಸಿಕೊಳ್ಳಿ.

ನಲವತ್ತು ಪರ್ಸೆಂಟ್ ಬೇಕೇ ಬೇಕು ಅಂದರೆ ಜರ್ಮನಿಯ ರೊಗನ್‌ಬಿಯರ್ ಮಾಡಿ ನೋಡಿ. ಅದರಲ್ಲಿ ಅರ್ಧದಷ್ಟು ರೈ ಇರುತ್ತದೆ, ಹಾಪ್ಸ್ ಕಡಿಮೆ. ಐಪಿಎಗೆ ಅಷ್ಟು ರೈ ಭಾರ.

ಸಿಟ್ರಾ, ಮೊಸಾಯಿಕ್ ಹಾಪ್ಸ್ ಹಾಕಿದರೆ ಮಾವಿನಹಣ್ಣಿನ ಪರಿಮಳ ಬರುತ್ತಲ್ಲ, ರೈಗೆ ಅವು ಯಾಕೆ ಬೇಡ? — ಸಿಯಾಟಲ್

ಪರಿಮಳ ಬರುತ್ತದೆ, ಅದೇ ತೊಂದರೆ. ಮಾವು, ಪ್ಯಾಶನ್ ಫ್ರೂಟ್ ಎದ್ದು ಬಂದರೆ ರೈ ಹಿಂದೆ ಸರಿಯುತ್ತದೆ. ಕಷ್ಟಪಟ್ಟು ಗಂಜಿಯಂಥ ಮ್ಯಾಶ್ ಇಳಿಸಿದ್ದು ಅದನ್ನು ಮುಚ್ಚಿಹಾಕಲಿಕ್ಕಾ? ಕೊಲಂಬಸ್‌ನಲ್ಲಿ ಕರಿಮೆಣಸು, ರಾಳದ ಗುಣ ಇದೆ. ಮೌಂಟ್ ಹುಡ್ ಜರ್ಮನಿಯ ಹಾಲರ್‌ಟಾವ್ ಜಾತಿಯ ಮಗು, ಗಿಡಮೂಲಿಕೆಯ ಹಾಗೆ ಮೆಲುವಾಗಿರುತ್ತದೆ. ಚಿನೂಕ್‌ನಲ್ಲಿ ಪೈನ್ ಮರದ ವಾಸನೆ. ಇವು ರೈಯ ಪಕ್ಕದಲ್ಲಿ ನಿಲ್ಲುತ್ತವೆ, ಮೇಲೆ ಹತ್ತುವುದಿಲ್ಲ. ಹಣ್ಣಿನ ಕಡೆಗೆ ಒಂಚೂರು ಬೇಕಾದರೆ ಕ್ಯಾಸ್ಕೇಡ್ ಹಾಕಿ. 1972ರಲ್ಲಿ ಇಲ್ಲೇ ಆರೆಗಾನ್‌ನ ಕೊರ್ವಾಲಿಸ್‌ನ ತಳಿ ಕೆಲಸದಿಂದ ಹೊರಬಂದ ಹಾಪ್ಸ್ ಅದು. ಮೂಸಂಬಿ ಸಿಪ್ಪೆಯ ವಾಸನೆ, ಅತಿಯಾಗುವುದಿಲ್ಲ.

ನೀವು ಸಿಯಾಟಲ್‌ನಲ್ಲಿದ್ದೀರಿ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕುಯಿಲಿನ ಕಾಲದಲ್ಲಿ ಬೆಟ್ಟ ದಾಟಿ ಯಾಕಿಮಾ ಕಣಿವೆಗೆ ಹೋಗಿಬನ್ನಿ. ಅಮೆರಿಕದ ಹಾಪ್ಸ್‌ನಲ್ಲಿ ದೊಡ್ಡ ಪಾಲು ಅಲ್ಲಿಯದೇ. ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಕೈಗೆ ಹತ್ತುವ ಆ ಹಳದಿ ಪುಡಿಯಲ್ಲೇ ಕಹಿ, ಪರಿಮಳ ಎರಡೂ ಇರುವುದು. ಒಂದು ಸಲ ಹೀಗೆ ಮೂಸಿದ ಮೇಲೆ ಯಾವ ಹಾಪ್ಸ್ ಯಾವುದಕ್ಕೆ ಅನ್ನುವುದು ಪಟ್ಟಿ ನೋಡದೆ ತಿಳಿಯುತ್ತದೆ.

ನನ್ನ ರೈ ಐಪಿಎಗೆ ಆಸ್ಪತ್ರೆ ವಾಸನೆ ಬಂದಿದೆ, ಗಾಯದ ಪಟ್ಟಿಯದ್ದು. ರೈ ಕಾರಣವಾ? — ನ್ಯೂಜೆರ್ಸಿ

ಅಲ್ಲ. ಹೆಚ್ಚಾಗಿ ನಲ್ಲಿ ನೀರು ಕಾರಣ. ಊರಿನ ನೀರಿಗೆ ಹಾಕುವ ಕ್ಲೋರಿನ್ ಅಥವಾ ಕ್ಲೋರಮೈನ್, ಮಾಲ್ಟ್ ಮತ್ತು ಯೀಸ್ಟಿನ ಫೀನಾಲ್ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ. ಎಳ್ಳಷ್ಟಿದ್ದರೂ ಮೂಗಿಗೆ ಹೊಡೆಯುತ್ತದೆ. ಒಮ್ಮೆ ಬಂದರೆ ಹೋಗುವುದಿಲ್ಲ. ಕ್ಲೋರಿನ್ ಆದರೆ ಕುದಿಸಿದಾಗ ಹಾರಿಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಪೋರ್ಟ್‌ಲ್ಯಾಂಡಿನ ಬುಲ್ ರನ್ ನದಿಯ ನೀರು ಮಳೆನೀರಿನಷ್ಟು ಮೆದು, ಆದರೂ ಅದಕ್ಕೆ ಕ್ಲೋರಮೈನ್ ಇದೆ. ಹಾಗಾಗಿ 30 ಲೀಟರ್ ನೀರಿಗೆ ಕ್ಲೋರಮೈನನ್ನು ತೆಗೆಯುವ ಅರ್ಧ ಕ್ಯಾಂಪ್ಡನ್ ಮಾತ್ರೆ ಪುಡಿ ಮಾಡಿ ಕಲಕುತ್ತೇನೆ. ಕೆಲವೇ ನಿಮಿಷದ ಕೆಲಸ. ಪಾತ್ರೆಯನ್ನು ಬ್ಲೀಚ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ.

ನಾನು ಮೈಸೂರಿನಲ್ಲಿದ್ದೇನೆ. ಆನ್‌ಲೈನಿನಲ್ಲಿ ಮಾಲ್ಟ್, ಯೀಸ್ಟ್ ಎಲ್ಲಾ ಸಿಗುತ್ತೆ. ಮನೆಯಲ್ಲಿ ಮಾಡಿದರೆ ತಪ್ಪೇನು?

ಕಾನೂನಿನ ಪ್ರಕಾರ ತಪ್ಪೇ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಕೆಳಗೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರ್ ಕೂಡ ಅದರೊಳಗೇ ಬರುತ್ತದೆ. ಸ್ವಂತಕ್ಕೆ ಅಂದರೂ ಮಾಡಬೇಡಿ. ಅಮೆರಿಕದಲ್ಲೂ ಇದು ಮೊದಲಿಂದ ಇದ್ದ ಹಕ್ಕಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಬಂದದ್ದು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವಂತಿಲ್ಲ. ಅಲಬಾಮ, ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನಮ್ಮಲ್ಲೂ ಮನೆ ಬಳಕೆಗೆ ಒಂದು ಮಿತಿ ಇಟ್ಟು ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಹೋಗಿ, ಕಾಯಿಸುವವರನ್ನು ಮಾತಾಡಿಸಿ. ಕೇಳಿದರೆ ಸಂತೋಷದಿಂದ ಹೇಳುವವರು ಬಹಳ ಜನ ಇರುತ್ತಾರೆ.

ರೈ ಬದಲು ರಾಗಿ ಹಾಕಬಹುದಾ? ಇಲ್ಲಿ ಭಾರತೀಯ ಅಂಗಡಿಯಲ್ಲಿ ರಾಗಿ ಸಿಗುತ್ತದೆ. — ಡಲ್ಲಾಸ್‌ನಲ್ಲಿರುವ ಹಾಸನದವರು

ಹಾಕಬಹುದು, ಆದರೆ ಅದು ರೈ ಐಪಿಎ ಆಗುವುದಿಲ್ಲ. ರಾಗಿಯಿಂದ ಹುದುಗಿಸಿದ ಪಾನೀಯಗಳು ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹಿಂದಿನಿಂದ ಇವೆ, ಅಲ್ಲಿನವರ ಛಾಂಗ್ ನೋಡಿ. ರಾಗಿ ಬಿಯರಿಗೆ ಒಳ್ಳೆಯ ಧಾನ್ಯವೇ. ಆದರೆ ರೈಯ ಆ ನುಣುಪು ಅದರಲ್ಲಿಲ್ಲ. ರಾಗಿಯ ಪಿಷ್ಟ ಬಾರ್ಲಿಗಿಂತ ಜಾಸ್ತಿ ಬಿಸಿಯಲ್ಲಿ ಬೇಯುತ್ತದೆ. ಅದಕ್ಕೇ ಹಿಟ್ಟನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಬಾರ್ಲಿ ಮ್ಯಾಶಿಗೆ ಸೇರಿಸಬೇಕು. ಹತ್ತು ಪರ್ಸೆಂಟಿನಿಂದ ಶುರು ಮಾಡಿ, ಹಾಪ್ಸ್ ಕಡಿಮೆ ಮಾಡಿ. ಐಪಿಎಯಷ್ಟು ಕಹಿ ಹಾಕಿದರೆ ರಾಗಿಯ ಹುರಿದ ವಾಸನೆ ಸಿಗುವುದೇ ಇಲ್ಲ.

ಐಪಿಎ ಹುಟ್ಟಿದ್ದೇ ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದೆ ಭಾರತಕ್ಕೆ ಬರಲಿ ಅಂತ. ಹಾಗಾದರೆ ನನ್ನ ರೈ ಐಪಿಎಯನ್ನು ವರ್ಷ ಇಡಬಹುದಲ್ವಾ? — ರೆಡಿಂಗ್, ಇಂಗ್ಲೆಂಡ್

ಬೇಡ, ದಯವಿಟ್ಟು ಬೇಗ ಕುಡಿಯಿರಿ. ಆ ಕತೆ ಅರ್ಧ ಮಾತ್ರ ನಿಜ. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಹತ್ತಿರವಿತ್ತು. ಹಡಗಿನ ಅಧಿಕಾರಿಗಳಿಗೆ ಸಾಲಕ್ಕೆ ಬಿಯರ್ ಕೊಡುತ್ತಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಬ್ರೂವರಿಯವರು ಆ ಮಾರುಕಟ್ಟೆಗೆ ಇಳಿದರು, ಅವರ ಬಾವಿ ನೀರಿನ ಜಿಪ್ಸಮ್ ಕಹಿಯನ್ನು ಚೊಕ್ಕವಾಗಿಸುತ್ತಿತ್ತು. ಕಪ್ಪು ಪೋರ್ಟರ್ ಬಿಯರ್ ಕೂಡ ಅದೇ ಹಡಗುಗಳಲ್ಲಿ ಕೆಡದೆ ಬಂದಿದೆ. ಆ ಕಾಲದ ಪೇಲ್ ಏಲನ್ನು ಮರದ ಪೀಪಾಯಿಯಲ್ಲಿ ಹಣ್ಣಾಗಲು ಬಿಟ್ಟೇ ಕಳಿಸುತ್ತಿದ್ದರು. ಹಸಿ ಹಾಪ್ಸ್ ಪರಿಮಳ ಅವರಿಗೆ ಬೇಕಿರಲಿಲ್ಲ.

ರೈ ಐಪಿಎ ಅಮೆರಿಕದ ಇತ್ತೀಚಿನ ಮಗು. ಕ್ಯಾಲಿಫೋರ್ನಿಯಾದ ಬೇರ್ ರಿಪಬ್ಲಿಕ್ ಬ್ರೂವರಿಯವರು ತಂದ ಹಾಪ್ ರಾಡ್ ರೈ ಅದರ ಹೆಸರಾಂತ ಮಾದರಿ. ಇದರ ಪರಿಮಳಕ್ಕೆ ಗಾಳಿಯೇ ಶತ್ರು. ಬಾಟಲಿಗೆ ತುಂಬುವಾಗ ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಬುರುಗು ಏಳದಂತೆ ತುಂಬಿ. ಗ್ಯಾಸ್ ಕೂತ ಮೇಲೆ ಫ್ರಿಜ್ಜಿನಲ್ಲಿಡಿ. ಎರಡು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು.

ಏರ್‌ಲಾಕಿನಲ್ಲಿ (ಹುದುಗಿನ ಗ್ಯಾಸ್ ಹೊರಬಿಡುವ ಬಿರಡೆ) ಗುಳ್ಳೆ ನಿಂತಿತು ಅಂತ ಏಳನೇ ದಿನ ಬಾಟಲಿ ತುಂಬಿದೆ. ಈಗ ತೆರೆದರೆ ಛಾವಣಿಗೆ ಚಿಮ್ಮುತ್ತಿದೆ. — ಟೊರೊಂಟೊ

ಮೊದಲು ಉಳಿದ ಬಾಟಲಿಗಳನ್ನು ಟವೆಲ್ ಸುತ್ತಿ ಫ್ರಿಜ್ಜಿಗೆ ಸೇರಿಸಿ. ಕೈಗವಸು, ಕನ್ನಡಕ ಹಾಕಿಕೊಂಡು. ಗಾಜು ಸಿಡಿದರೆ ಕಣ್ಣಿಗೆ ಅಪಾಯ. ಗುಳ್ಳೆ ನಿಂತದ್ದು ಹುದುಗು ಮುಗಿದ ಗುರುತಲ್ಲ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕೆ ತೋರಿಸಬೇಕು. ಡ್ರೈ ಹಾಪ್ಸ್‌ನಲ್ಲೂ ಕಿಣ್ವ ಇರುತ್ತದೆ, ಉಳಿದ ಸಕ್ಕರೆಯನ್ನು ಅದು ಒಡೆದುಕೊಟ್ಟರೆ ಯೀಸ್ಟ್ ಮತ್ತೆ ಏಳುತ್ತದೆ. ಹಾಗಾಗಿ ಹಾಪ್ಸ್ ಹಾಕಿದ ಮೇಲೂ ಅಳೆಯಿರಿ. ಬಾಟಲಿಯಲ್ಲಿ ಗ್ಯಾಸ್ ಬರಲು 19 ಲೀಟರಿಗೆ ಸಕ್ಕರೆ 110 ಗ್ರಾಂ, ಚಮಚದಲ್ಲಲ್ಲ, ತಕ್ಕಡಿಯಲ್ಲಿ ತೂಗಿ.

ನನ್ನ ಗೆಳತಿಗೆ ಗೋಧಿಯ ಗ್ಲೂಟೆನ್ ಆಗುವುದಿಲ್ಲ. ಇದರಲ್ಲಿ ರೈ ಇರುವುದರಿಂದ ಕುಡಿಯಬಹುದಾ? — ಆಸ್ಟಿನ್

ಕೊಡಬೇಡಿ. ರೈಯಲ್ಲೂ ಬಾರ್ಲಿಯಲ್ಲೂ ಅದೇ ಜಾತಿಯ ಪ್ರೋಟೀನ್ ಇದೆ. ಅವರಿಗೆ ಸೀಲಿಯಾಕ್ ಕಾಯಿಲೆ ಇದ್ದರೆ ಒಂದು ಗುಟುಕೂ ಬೇಡ.