ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದವರು ಬಿಸಿಎ ಓದಬಹುದೇ? ಗಣಿತ ಓದದಿದ್ದರೆ ತೊಂದರೆಯೇ?

ಓದಬಹುದು. ಸಿಇಟಿ ಮೂಲಕ ಬಿಇ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಬಿಸಿಎ ಪದವಿಗಾದರೋ ಕರ್ನಾಟಕದ ಅನೇಕ ಕಾಲೇಜುಗಳು ವಾಣಿಜ್ಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತವೆ. ಅರ್ಹತೆಯ ನಿಯಮ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ಆಗಿಲ್ಲದ ಕಾರಣ ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ನೋಡಿಕೊಳ್ಳಬೇಕು. 2024-25ರಿಂದ ಬಿಸಿಎ ಕೂಡ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ.

ಬಿಸಿಎಯಲ್ಲಿ ಬರುವ ಡಿಸ್ಕ್ರೀಟ್ ಗಣಿತದ ಗಣ, ಸಂಬಂಧ, ತರ್ಕಗಳನ್ನು ಸಾಮಾನ್ಯವಾಗಿ ಮೊದಲಿನಿಂದಲೇ ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಕಷ್ಟ ಇರುವುದು ಡೇಟಾ ಸ್ಟ್ರಕ್ಚರ್ಸ್ (ಕಂಪ್ಯೂಟರಿನಲ್ಲಿ ದತ್ತಾಂಶವನ್ನು ಜೋಡಿಸಿಡುವ ವಿಧಾನಗಳು) ವಿಷಯದಲ್ಲಿ. ಲಿಂಕ್ಡ್ ಲಿಸ್ಟ್ ಎಂದರೆ ನೋಡ್ ಎಂಬ ಕೊಂಡಿಗಳ ಸರಪಳಿ; ಪ್ರತಿ ನೋಡಿನಲ್ಲೂ ದತ್ತಾಂಶದ ಜೊತೆಗೆ ಮುಂದಿನ ನೋಡಿನ ವಿಳಾಸವನ್ನು ಹಿಡಿದಿಡುವ ಪಾಯಿಂಟರ್ ಇರುತ್ತದೆ. ಈ ಸರಪಳಿಯ ನಡುವೆ ಹೊಸ ನೋಡ್ ಸೇರಿಸುವಾಗ ಅದರ ಪಾಯಿಂಟರನ್ನು ಮೊದಲು ಮುಂದಿನ ನೋಡಿಗೆ ಜೋಡಿಸಿ, ಬಳಿಕವಷ್ಟೇ ಹಿಂದಿನ ನೋಡಿನ ಪಾಯಿಂಟರನ್ನು ಬದಲಿಸಬೇಕು. ಬೇರೆ ಪಾಯಿಂಟರಿನಲ್ಲಿ ವಿಳಾಸವನ್ನು ಉಳಿಸಿಕೊಳ್ಳದೆ ಈ ಕ್ರಮವನ್ನು ತಿರುವುಮುರುವು ಮಾಡಿದರೆ ಉಳಿದ ಪಟ್ಟಿಯೇ ಕೈತಪ್ಪಿಹೋಗುತ್ತದೆ. ಲ್ಯಾಬ್ ರೆಕಾರ್ಡನ್ನು ಬಾಯಿಪಾಠ ಮಾಡಿದವರು (ಹಾಗೆ ಮಾಡುವವರು ಕಡಿಮೆಯೇನಿಲ್ಲ) ವೈವಾದಲ್ಲಿ ಈ ಎರಡು ಸಾಲುಗಳನ್ನು ಅದಲುಬದಲು ಮಾಡಿ ಕೇಳಿದೊಡನೆ ತಡವರಿಸುತ್ತಾರೆ. ಹಾಳೆಯ ಮೇಲೆ ಬಾಣದ ಗುರುತು ಹಾಕುತ್ತಾ ಕಲಿತವರು, ಪಿಯುಸಿಯಲ್ಲಿ ಗಣಿತ ಓದಿರದಿದ್ದರೂ, ಉತ್ತರಿಸುತ್ತಾರೆ.

ಮುಂದೆ ಎರಡು ವರ್ಷದ ಎಂಸಿಎ ಮಾಡುವ ಯೋಚನೆಯಿದ್ದರೆ ಪಿಯುಸಿ ಅಥವಾ ಪದವಿ ಹಂತದಲ್ಲಿ ಗಣಿತ ಓದಿರಬೇಕೆಂಬ ನಿಯಮ ಕೆಲವೆಡೆ ಎದುರಾಗಬಹುದು. ಆದ್ದರಿಂದ ಗಣಿತದ ಪತ್ರಿಕೆಯಿರುವ ಬಿಸಿಎ ಪಠ್ಯಕ್ರಮವನ್ನೇ ಆರಿಸಿಕೊಳ್ಳಿ.