ಪ್ರೀಮೆಡ್ ಸಮ್ಮೇಳನಕ್ಕೆ ಹೋಗಬೇಕಾ? ಈ ವರ್ಷ ಬೇಡ, ಮುಂದಿನ ವರ್ಷ ಹೋಗಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ 33 ವರ್ಷ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಮುಗಿಸಿ ಈಗ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೀರಿ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಡಾಕ್ಟರ್ ಆಗಬೇಕು ಅಂತ ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸ್ಥಳೀಯ ಕಾಲೇಜು) ಹೋಗಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದುತ್ತಿದ್ದೀರಿ. ಮೆಡಿಕಲ್ ಕಾಲೇಜು ಸೇರಲು ಸಿದ್ಧವಾಗುತ್ತಿರುವವರಿಗೆ ಇಲ್ಲಿ ಪ್ರೀಮೆಡ್ ಅಂತ ಹೆಸರು, ತಡವಾಗಿ ಈ ದಾರಿ ಹಿಡಿದವರನ್ನು ನಾನ್‌ಟ್ರೆಡಿಷನಲ್ ಪ್ರೀಮೆಡ್ ಅಂತಾರೆ. ಅವರಿಗಾಗಿಯೇ ವರ್ಷಕ್ಕೊಮ್ಮೆ ನಡೆಯುವ ಮೂರು ದಿನದ ಸಮ್ಮೇಳನ ಬೇರೆ ಊರಲ್ಲಿದೆ. ಶುಲ್ಕ, ವಿಮಾನ, ಹೋಟೆಲ್ ಎಲ್ಲ ಸೇರಿ ಸಾವಿರ ಡಾಲರ್ ದಾಟುತ್ತದೆ. ವಾಪಸ್ ಬಂದ ನಾಲ್ಕನೇ ದಿನಕ್ಕೆ ಆರ್ಗ್ಯಾನಿಕ್ ಎರಡನೇ ಭಾಗದ ಫೈನಲ್. ಮನೆಯವರು "ಎಲ್ಲಾ ಯೂಟ್ಯೂಬಲ್ಲೇ ಇದೆಯಲ್ಲ" ಅನ್ನುತ್ತಾರೆ. ಹೋಗಲಾ, ಬೇಡವಾ ಅಂತ ಕೇಳಿದ್ದೀರಿ.

ಈ ವರ್ಷ ಹೋಗಬೇಡಿ. ಈಗಿನಿಂದಲೇ ದುಡ್ಡು ಕೂಡಿಟ್ಟು ಮುಂದಿನ ವರ್ಷ ಹೋಗಿ.

ಇಂಥದ್ದೇ ಸಮ್ಮೇಳನಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಒಂದು ಸಲ ಹೋಗಬಾರದ ಹೊತ್ತಲ್ಲಿ ಹೋಗಿದ್ದೆ, ಇನ್ನೊಂದು ಸಲ ಸರಿಯಾದ ಹೊತ್ತಿಗೆ. ಈಗ ನನಗೆ 43. ಒಹಾಯೋದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ, ಅಂದರೆ ಡಾಕ್ಟರ್ ಆದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿಯ, ಎರಡನೇ ವರ್ಷ. ಹಾಸನದಲ್ಲಿ ಇಂಜಿನಿಯರಿಂಗ್ ಓದಿ, ಹತ್ತು ವರ್ಷ ಕೋಡ್ ಬರೆದು, ಆಮೇಲೆ ಈ ಕಡೆ ತಿರುಗಿದವಳು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಬೇರೆಯವರ ಪ್ರಶ್ನೆ ಅನ್ನಿಸಲೇ ಇಲ್ಲ.

ಮೊದಲ ಸಲ ಹೋದಾಗ ನನಗೆ 34. ನಿಮ್ಮ ಹಾಗೆಯೇ ಆರ್ಗ್ಯಾನಿಕ್ ಫೈನಲ್ ಎದುರಿಗಿತ್ತು. ವಿಮಾನದಲ್ಲಿ ಓದಿಕೊಂಡರಾಯಿತು ಅಂತ ಫ್ಲ್ಯಾಶ್‌ಕಾರ್ಡ್ ಕಟ್ಟನ್ನು ಬ್ಯಾಗಿಗೆ ಹಾಕಿದ್ದೆ. ಮೂರು ದಿನ ಅದರ ರಬ್ಬರ್ ಬ್ಯಾಂಡ್ ಬಿಚ್ಚಲೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಭಾಷಣ ಶುರು, ರಾತ್ರಿ ಹತ್ತರವರೆಗೆ ಹೊಸದಾಗಿ ಸಿಕ್ಕವರ ಜೊತೆ ಮಾತು. ಮನೆಗೆ ಬಂದಾಗ ಮೈತುಂಬ ಹುರುಪು. ತಲೆಯಲ್ಲಿ ಮಾತ್ರ ಕೆಮಿಸ್ಟ್ರಿ ಇರಲಿಲ್ಲ. ಪರೀಕ್ಷೆಯಲ್ಲಿ ಆಲ್ಡಾಲ್ ಕಂಡೆನ್ಸೇಷನ್ ಅನ್ನುವ ರಾಸಾಯನಿಕ ಕ್ರಿಯೆಯ ಮೆಕ್ಯಾನಿಸಂ, ಅಂದರೆ ಅದರ ಹಂತಗಳನ್ನು ಬಾಣ ಎಳೆದು ತೋರಿಸುವುದು, ಬರೆಯಲು ಕೊಟ್ಟಿದ್ದರು. ನೂರು ಸಲ ಬರೆದಿದ್ದೆ ಅದನ್ನು. ಮೊದಲ ಬಾಣ ಎಳೆದೆ, ಎರಡನೆಯದು ಎಲ್ಲಿಂದ ಎಲ್ಲಿಗೆ ಅನ್ನುವಷ್ಟರಲ್ಲಿ ಕೈ ನಿಂತುಬಿಟ್ಟಿತು. ಪೆನ್ಸಿಲ್ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಿದ್ದೆ. ಸಿ ಬಂತು.

ಒಂದು ಸಿ ತಾನೇ, ಏನಾಯ್ತು ಅಂತ ಅನ್ನಿಸಬಹುದು. ನಮ್ಮಂಥವರಿಗೆ ಏನಾಗುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಇಲ್ಲಿ ಎಂ.ಡಿ. ಅಂದರೆ ನಮ್ಮ ಕಡೆಯ ಎಂ.ಬಿ.ಬಿ.ಎಸ್. ಇದ್ದ ಹಾಗೆ. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕುವುದು ಎಎಂಸಿಎಎಸ್ ಅನ್ನುವ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಅಂತ ನಿಮಗೆ ಗೊತ್ತಿರುತ್ತದೆ. ಅದು ಜಿಪಿಎ, ಅಂದರೆ 4ಕ್ಕೆ ಎಷ್ಟು ಅನ್ನುವ ಗ್ರೇಡುಗಳ ಸರಾಸರಿ (ಎ ಅಂದರೆ 4, ಸಿ ಅಂದರೆ 2), ಲೆಕ್ಕ ಹಾಕುವಾಗ ಹೊರದೇಶದ ಕಾಲೇಜಿನ ಅಂಕಗಳನ್ನು ಸೇರಿಸುವುದಿಲ್ಲ. ನಿಮ್ಮ ನಾಲ್ಕು ವರ್ಷದ ಬಿ.ಇ., ಅದರಲ್ಲಿ ಬಂದ ಡಿಸ್ಟಿಂಕ್ಷನ್, ಯಾವುದೂ ಆ ಲೆಕ್ಕದೊಳಗೆ ಬರುವುದಿಲ್ಲ. ಇಲ್ಲಿ ಓದಿದ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಮಾತ್ರ. ಎರಡೆರಡು ಸೆಮಿಸ್ಟರ್, ಲ್ಯಾಬ್ ಸೇರಿ ನಾಲ್ಕು ನಾಲ್ಕು ಕ್ರೆಡಿಟ್ ಅಂದರೆ ಹೆಚ್ಚುಕಡಿಮೆ 32 ಕ್ರೆಡಿಟ್. ಅಷ್ಟೇ ನಿಮ್ಮ ಇಡೀ ಜಿಪಿಎ. ಅದರಲ್ಲಿ 28 ಕ್ರೆಡಿಟ್‌ಗೆ ಎ ಬಂದು, ಒಂದೇ ಒಂದು ನಾಲ್ಕು ಕ್ರೆಡಿಟ್ ಕೋರ್ಸಿಗೆ ಸಿ ಬಂದರೆ 4.0 ಇದ್ದದ್ದು 3.75ಕ್ಕೆ ಇಳಿಯುತ್ತದೆ. ಇಲ್ಲೇ ಡಿಗ್ರಿ ಮಾಡಿ 128 ಕ್ರೆಡಿಟ್ ಇರುವ ಹುಡುಗನಿಗೆ ಅದೇ ಒಂದು ಸಿ ಬಂದರೆ 3.94. ತಪ್ಪು ಒಂದೇ, ಪೆಟ್ಟು ನಮಗೆ ನಾಲ್ಕು ಪಟ್ಟು. ಮತ್ತೆ ಓದಿ ಎ ತೆಗೆದರೂ ಎಎಂಸಿಎಎಸ್ ಎರಡೂ ಗ್ರೇಡನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಳೆಯದು ಅಳಿಸಿಹೋಗುವುದಿಲ್ಲ.

ಹಾಗಾಗಿ ನಿಮ್ಮ ತೂಕದ ತಟ್ಟೆಯಲ್ಲಿ ಇರುವುದು ಸಾವಿರ ಡಾಲರ್ ಅಲ್ಲ. ಆ ನಾಲ್ಕು ಕ್ರೆಡಿಟ್. ಸಮ್ಮೇಳನ ಮುಂದಿನ ವರ್ಷವೂ ಬರುತ್ತದೆ. ಈ ಫೈನಲ್ ಬರುವುದಿಲ್ಲ.

ಎರಡನೇ ಸಲ ಮಾರನೇ ವರ್ಷ ಹೋದೆ. ಮನೆಯಲ್ಲಿ ಬೇಸರವೇ ಇತ್ತು, ಒಂದು ಸಲ ಹೋಗಿ ಕೆಟ್ಟಿತಲ್ಲ, ಮತ್ಯಾಕೆ ಅಂತ. ಆ ಸಲ ಪರೀಕ್ಷೆ ಎಲ್ಲ ಮುಗಿದಿತ್ತು. ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಇನ್ನೂ ಬರೆದಿರಲಿಲ್ಲ. ಅರ್ಜಿ ಹಾಕಲು ಒಂದು ವರ್ಷ ಬಾಕಿ ಇತ್ತು. ಒಂದು ನೀಲಿ ಫೋಲ್ಡರ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್‌ನ (ಇಲ್ಲಿನ ಕಾಲೇಜಿನ ಅಂಕಪಟ್ಟಿ) ನಾಲ್ಕು ಪ್ರತಿ ಇಟ್ಟುಕೊಂಡಿದ್ದೆ. ಬಿ.ಇ. ಅಂಕಪಟ್ಟಿಯೂ ಇತ್ತು. ಮೊದಲ ಪುಟದ ಮೇಲೆ ಮೂರೇ ಪ್ರಶ್ನೆ ಬರೆದಿದ್ದೆ.

ಅಡ್ಮಿಷನ್ ಆಫೀಸಿನವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡುವ ವ್ಯವಸ್ಥೆ ಇತ್ತು. ಹೆಸರು ಬರೆಸಿ ಸಾಲಲ್ಲಿ ಕಾದೆ. ನನಗೆ ಸಿಕ್ಕವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಕನ್ನಡಕವನ್ನು ತಲೆ ಮೇಲಿನಿಂದ ಇಳಿಸಿ, ಪೆನ್ಸಿಲ್ ತಗೊಂಡು ನನ್ನ ಟ್ರಾನ್ಸ್‌ಕ್ರಿಪ್ಟ್ ಮೇಲೆ ಒಂದೊಂದೇ ಸಾಲು ಇಳಿದುಕೊಂಡು ಬಂದರು. ಸಿ ಇದ್ದ ಜಾಗದಲ್ಲಿ ಪೆನ್ಸಿಲ್ ನಿಂತಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಅದರ ಸುತ್ತ ಸೊನ್ನೆ ಹಾಕಲಿಲ್ಲ. ಅದರ ಕೆಳಗೆ ಖಾಲಿ ಜಾಗದಲ್ಲಿ "ಬಯೋಕೆಮಿಸ್ಟ್ರಿ, ಸೆಲ್ ಬಯಾಲಜಿ, ಫಿಸಿಯಾಲಜಿ" ಅಂತ ಬರೆದರು. ಆರ್ಗ್ಯಾನಿಕ್ ಮತ್ತೆ ಓದಬೇಡ, ಅದರ ಮೇಲಿನದ್ದನ್ನು ಓದಿ ಎ ತಗೊಂಡು ಬಾ, ಅದೂ ಕಮ್ಯುನಿಟಿ ಕಾಲೇಜಿನಲ್ಲಿ ಬೇಡ, ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲಿ ಅಂದರು. ಆಮೇಲೆ ನನ್ನ ಬಿ.ಇ. ಅಂಕಪಟ್ಟಿ ನೋಡಿ, ಇದು ಜಿಪಿಎಗೆ ಬರುವುದಿಲ್ಲ, ಆದರೆ ನಮ್ಮ ಕಾಲೇಜು ಈ ಡಿಗ್ರಿಯನ್ನು ಒಪ್ಪುತ್ತದೆ, ಎಲ್ಲರೂ ಒಪ್ಪುವುದಿಲ್ಲ, ಅರ್ಜಿ ಹಾಕುವ ಮುಂಚೆ ಒಂದೊಂದು ಕಾಲೇಜಿಗೂ ಮೇಲ್ ಮಾಡಿ ಬರಹದಲ್ಲಿ ಉತ್ತರ ತಗೋ ಅಂದರು.

ಹತ್ತೇ ನಿಮಿಷ. ನಾನು ಆ ಬೇಸಿಗೆಯಲ್ಲಿ ಆರ್ಗ್ಯಾನಿಕ್ ಮತ್ತೆ ಓದಲು ಫೀ ಕಟ್ಟುವವಳಿದ್ದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಯೂಟ್ಯೂಬಲ್ಲಿ ಇದು ಸಿಗುವುದಿಲ್ಲ. ಹಾಗಂತ ನಿಮ್ಮ ಮನೆಯವರ ಮಾತು ಪೂರ್ತಿ ತಪ್ಪೂ ಅಲ್ಲ. ಎಂಕ್ಯಾಟ್‌ಗೆ ಹೇಗೆ ಓದಬೇಕು, ಪರ್ಸನಲ್ ಸ್ಟೇಟ್‌ಮೆಂಟ್ ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಅನ್ನುವ ಭಾಷಣಗಳೆಲ್ಲ ಮನೆಯಲ್ಲೇ ಕೂತು ಕೇಳಬಹುದು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಎಎಎಂಸಿ ಪುಕ್ಕಟೆ ಆನ್‌ಲೈನ್ ಮೇಳ ನಡೆಸುತ್ತದೆ, ಅಲ್ಲಿ ಕಾಲೇಜಿನವರ ಜೊತೆ ಚಾಟ್ ಮಾಡಬಹುದು. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್‌ನಲ್ಲಿ ದೊಡ್ಡ ಪ್ರೀ-ಹೆಲ್ತ್ ಸಮ್ಮೇಳನ ನಡೆಯುತ್ತದೆ, ಆದರೆ ಅದು ನಿಮಗೆ ದೂರ. ನೀವು ಪೂರ್ವದ ಕರಾವಳಿಯಲ್ಲಿದ್ದೀರಿ, ನ್ಯೂಯಾರ್ಕ್, ಫಿಲಡೆಲ್ಫಿಯಾ ಎರಡೂ ರೈಲಿನ ದೂರದಲ್ಲಿವೆ. ಅಲ್ಲಿನ ಕಾಲೇಜುಗಳು ಆಗಾಗ ಓಪನ್ ಹೌಸ್, ಅಂದರೆ ಯಾರು ಬೇಕಾದರೂ ಬಂದು ಕಾಲೇಜು ನೋಡುವ ದಿನ, ಇಡುತ್ತವೆ. ಈ ವರ್ಷಕ್ಕೆ ಇಷ್ಟು ಸಾಕು.

ಊಟದ ಟೇಬಲ್ ಬಗ್ಗೆಯೂ ಹೇಳಬೇಕು. ನನಗೆ ಅಲ್ಲಿ ಸಿಕ್ಕಿದ್ದು ಭಾಷಣದಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ. ಎಂಟು ಜನ ಕೂತಿದ್ದೆವು. ಒಬ್ಬಳು ಹದಿನಾಲ್ಕು ವರ್ಷ ಗಗನಸಖಿಯಾಗಿದ್ದವಳು, ಒಬ್ಬ ಆಂಬುಲೆನ್ಸ್‌ನಲ್ಲಿ ಪ್ಯಾರಾಮೆಡಿಕ್, ಒಬ್ಬರು ಶಾಲೆಯಲ್ಲಿ ಪಿಟೀಲು ಕಲಿಸುವವರು, ವಯಸ್ಸು 46. ಆ ಪ್ಯಾರಾಮೆಡಿಕ್‌ಗೆ ಆಗಲೇ ಸೀಟ್ ಸಿಕ್ಕಿತ್ತು. ನಾನು ಯಾವಾಗ ಏನು ಮಾಡಬೇಕು ಅಂತ ಕೇಳಿದ್ದಕ್ಕೆ ಪೇಪರ್ ನ್ಯಾಪ್‌ಕಿನ್ ಮೇಲೆ ಗೆರೆ ಎಳೆದು ತೋರಿಸಿದ. ಜನವರಿಯಿಂದ ಏಪ್ರಿಲ್ ಒಳಗೆ ಎಂಕ್ಯಾಟ್. ಮೇ ತಿಂಗಳಲ್ಲಿ ಅರ್ಜಿ ತೆರೆಯುತ್ತೆ, ಜೂನ್ ಮೊದಲ ವಾರದೊಳಗೆ ಕಳಿಸಿಬಿಡು, ತಡ ಮಾಡಿದಷ್ಟೂ ಸೀಟ್ ಕಮ್ಮಿ. ಬೇಸಿಗೆಯಿಡೀ ಕಾಲೇಜುಗಳ ಎರಡನೇ ಸುತ್ತಿನ ಪ್ರಬಂಧಗಳು. ಸೆಪ್ಟೆಂಬರ್‌ನಿಂದ ಸಂದರ್ಶನ. ಸೇರುವುದು ಅದರ ಮುಂದಿನ ವರ್ಷದ ಆಗಸ್ಟ್. ಅರ್ಜಿಯಿಂದ ಕ್ಲಾಸಿಗೆ ಹದಿನಾಲ್ಕು ತಿಂಗಳು. ಎಲ್ಲ ವೆಬ್‌ಸೈಟಲ್ಲಿ ಇರುವ ಮಾಹಿತಿಯೇ. ಆದರೆ ಮನೆ ಸಾಲ, ಇಬ್ಬರು ಮಕ್ಕಳು ಇಟ್ಟುಕೊಂಡು ಅದನ್ನು ದಾಟಿದವನು ಎದುರಿಗೆ ಕೂತು, ಈ ತಿಂಗಳಲ್ಲಿ ನಾನು ರಾತ್ರಿ ಪಾಳಿ ಬಿಟ್ಟೆ, ಈ ತಿಂಗಳಲ್ಲಿ ಹೆಂಡತಿ ಕೆಲಸಕ್ಕೆ ಸೇರಿದಳು ಅಂತ ಹೇಳುವಾಗ ಅದು ನಮ್ಮ ಮನೆಯ ಕ್ಯಾಲೆಂಡರ್ ಆಗಿಬಿಡುತ್ತದೆ.

ನೀವು ಪ್ರಶ್ನೆಯ ಕೊನೆಗೆ ಒಂದು ಸಾಲು ಬರೆದಿದ್ದೀರಿ, "ಇಲ್ಲಿ ನನ್ನ ಜೊತೆ ಈ ಬಗ್ಗೆ ಮಾತಾಡೋಕೆ ಯಾರೂ ಇಲ್ಲ" ಅಂತ. ನಿಮ್ಮ ನಿಜವಾದ ಪ್ರಶ್ನೆ ಅದೇ ಅನ್ನಿಸಿತು. ನಮ್ಮ ಕಡೆ ಡಾಕ್ಟರ್ ಆಗುವುದು ಅಂದರೆ ಪಿಯುಸಿ ಆದ ಕೂಡಲೇ ಆಗಬೇಕು. ಆಗ ಸೀಟ್ ಸಿಕ್ಕರೆ ಸಿಕ್ತು, ಇಲ್ಲದಿದ್ದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿ ತೆಗೆದದ್ದೇ 2022ರಲ್ಲಿ. ಅದನ್ನೇ ನೋಡಿ ಬೆಳೆದವರಿಗೆ 35ಕ್ಕೆ ಮೊದಲಿಂದ ಶುರು ಮಾಡುವುದು ಅರ್ಥ ಆಗುವುದಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತಾಗ "ಇನ್ನೂ ಓದ್ತಾ ಇದೀಯಾ?" ಅಂತ ಕೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಮನೆಗೆ ಹೋಗುವ ದಾರಿಯಲ್ಲಿ ಕಾರಲ್ಲಿ ಅತ್ತಿದ್ದೇನೆ. ಎಂಟು ಜನ ಒಂದೇ ಟೇಬಲ್ಲಿನಲ್ಲಿ ಕೂತು ಯಾರೂ ಆ ಪ್ರಶ್ನೆ ಕೇಳದೆ ಇದ್ದ ಆ ಊಟ ನನಗೆ ಇವತ್ತಿಗೂ ನೆನಪಿದೆ. ಒಂಟಿತನ ಕಳೆಯುವುದಕ್ಕೆ ಅಂತಲೇ ಸಮ್ಮೇಳನಕ್ಕೆ ಹೋಗುವುದು ತಪ್ಪಲ್ಲ. ದುಡ್ಡು ದಂಡ ಅಂತ ಅಂದುಕೊಳ್ಳಬೇಡಿ. ಆದರೆ ಈ ವರ್ಷ ಅದಕ್ಕೆ ಬೇರೆ ದಾರಿ ಹುಡುಕೋಣ. ನಿಮ್ಮ ಆರ್ಗ್ಯಾನಿಕ್ ಸಂಜೆ ಕ್ಲಾಸಲ್ಲಿ ಮೂವತ್ತು ದಾಟಿದವರು ಇನ್ನೊಬ್ಬರಾದರೂ ಇರುತ್ತಾರೆ. ನನ್ನ ಕ್ಲಾಸಲ್ಲಿ ಲ್ಯಾಬ್ ಪಾರ್ಟ್‌ನರ್ ಆಗಿ ಸಿಕ್ಕವಳು ಮೊದಲು ನರ್ಸ್ ಆಗಿದ್ದವಳು, ಈಗ ಡಿ.ಒ. (ಎಂ.ಡಿ. ಹಾಗೆಯೇ ಇಲ್ಲಿನ ಇನ್ನೊಂದು ಡಾಕ್ಟರ್ ಡಿಗ್ರಿ). ಮೊದಲ ಎರಡು ತಿಂಗಳು ನಾವಿಬ್ಬರೂ ಮಾತೇ ಆಡಿರಲಿಲ್ಲ.

ಹೋದಾಗ ಒಂದು ಎಚ್ಚರ ಬೇಕು. ಹಾಲ್‌ನ ಹೊರಗೆ ಸಾಲಾಗಿ ಟೇಬಲ್ ಹಾಕಿಕೊಂಡು ಕೋಚಿಂಗಿನವರು, ಸಲಹೆಗಾರರು, ಹೊರದೇಶದ ಕಾಲೇಜಿನವರು ಕೂತಿರುತ್ತಾರೆ. ನಯವಾಗಿ ಮಾತಾಡುತ್ತಾರೆ, ಇವತ್ತೇ ಸೇರಿದರೆ ರಿಯಾಯಿತಿ ಅಂತಾರೆ. ಅಲ್ಲೇ ನಿಂತು ಕಾರ್ಡ್ ಉಜ್ಜಬೇಡಿ. ಕರಪತ್ರ ತಗೊಂಡು ಬನ್ನಿ, ಮನೆಯಲ್ಲಿ ಓದಿ.

ಸಾಲದ ಬಗ್ಗೆ ಒಂದು ಗೋಷ್ಠಿ ಇದ್ದರೆ ಅದನ್ನು ಮಾತ್ರ ತಪ್ಪಿಸಬೇಡಿ. ನಾನು ಓದುವಾಗ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇತ್ತು, ಕಾಲೇಜಿನ ಪೂರ್ತಿ ಖರ್ಚಿನವರೆಗೂ ಕೊಡುತ್ತಿದ್ದರು. 2025ರ ಜುಲೈನಲ್ಲಿ ಆದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಅದು ಇಲ್ಲ. ವೈದ್ಯಕೀಯ ಓದಿಗೆ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಅಷ್ಟೇ. ಅನೇಕ ಖಾಸಗಿ ಕಾಲೇಜುಗಳಲ್ಲಿ ನಾಲ್ಕು ವರ್ಷದ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ. ಉಳಿದದ್ದನ್ನು ಹೇಗೆ ತುಂಬಿಸುತ್ತೀರಿ ಅಂತ ಎದುರಿಗೆ ಕೂತ ಕಾಲೇಜಿನವರನ್ನೇ ಕೇಳಿ. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಆ ಸರ್ಕಾರಿ ಸಾಲ ಸಿಗುತ್ತದೆ, ಅದೊಂದು ದೊಡ್ಡ ಸಮಾಧಾನ. ಎಚ್-1ಬಿ ಕೆಲಸದ ವೀಸಾದಲ್ಲಿ, ಅವರ ಮನೆಯವರ ಎಚ್-4 ವೀಸಾದಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ, ಅನೇಕ ಕಾಲೇಜುಗಳು ನಿಮ್ಮ ಅರ್ಜಿಯನ್ನೇ ತಗೊಳ್ಳುವುದಿಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆ ಅಲ್ಲಿಗೆ ಬರುವ ಕಾಲೇಜುಗಳಲ್ಲಿ ಯಾವುವು ತಗೊಳ್ಳುತ್ತವೆ ಅಂತ ನೋಡಿಕೊಳ್ಳಿ.

ನಿಮ್ಮ ಲೆಕ್ಕ ಹೀಗೆ ಕೂರುತ್ತದೆ. ಈಗ ಆರ್ಗ್ಯಾನಿಕ್ ಮುಗಿಸಿ. ಮುಂದಿನ ಒಂದು ವರ್ಷದಲ್ಲಿ ಫಿಸಿಕ್ಸ್, ಬಯೋಕೆಮಿಸ್ಟ್ರಿ. ಅದಾದ ಮೇಲೆ, ಎಂಕ್ಯಾಟ್ ಓದು ಶುರು ಮಾಡುವ ಮುಂಚೆ, ಸಮ್ಮೇಳನ. ಆಗ ತೋರಿಸಲು ನಿಮ್ಮ ಕೈಯಲ್ಲಿ ಒಂದು ಟ್ರಾನ್ಸ್‌ಕ್ರಿಪ್ಟ್ ಇರುತ್ತದೆ, ಕೇಳಿದ ಉತ್ತರದ ಪ್ರಕಾರ ದಾರಿ ತಿದ್ದಿಕೊಳ್ಳಲು ಒಂದು ವರ್ಷವೂ ಇರುತ್ತದೆ. ಈಗ ಹೋದರೆ ತೋರಿಸಲು ಏನೂ ಇಲ್ಲ. ಅರ್ಜಿ ಹಾಕಿದ ಮೇಲೆ ಹೋದರೆ ತಿದ್ದಲು ಏನೂ ಇಲ್ಲ.

ಫೈನಲ್ ಯಾವತ್ತು ಅಂತ ನೀವು ಬರೆದಿಲ್ಲ. ಮುಗಿದ ಮೇಲೆ ಇಲ್ಲೇ ಒಂದು ಸಾಲು ಹಾಕಿ. ನಿಮ್ಮ ಕೋರ್ಸುಗಳ ಪಟ್ಟಿ, ಗ್ರೇಡ್, ಕ್ರೆಡಿಟ್ ಕಳಿಸಿ. ಹೆಸರು, ಕಾಲೇಜು ಏನೂ ಬೇಡ. ನನಗೆ ಭಾನುವಾರ ಬೆಳಿಗ್ಗೆ ಬಿಡುವಿರುತ್ತದೆ, ಕೂತು ನೋಡುತ್ತೇನೆ. ನಿಮ್ಮ ಮೂರು ಪ್ರಶ್ನೆ ಯಾವುದಾಗಬೇಕು ಅಂತ ಇಬ್ಬರೂ ಸೇರಿ ಬರೆಯೋಣ.